ಸೋಪು ನೀರಿನಲ್ಲಿ ಕಟ್ಟಿದ ಮನೆ

ನಮ್ಮ ಮನೆಯ ಕೋಸಂಬರಿಯಲ್ಲಿ ಸೋಪಿನ ವಾಸನೆ ಬರುತ್ತದೆ ಎಂಬುದು ನನ್ನ ಯಜಮಾನರ ಬಹುಕಾಲದ ದೂರು. ಬರುವುದಿಲ್ಲ ಎಂಬುದು ನನ್ನ ಬಹುಕಾಲದ ಉತ್ತರ. ಬರುತ್ತದೆ ಎಂದು ನನಗೂ ಗೊತ್ತು, ಆದರೆ ಒಪ್ಪಿಕೊಂಡರೆ ಹೊಸ ತುರಿಮಣೆ ತರಬೇಕು, ಹಳೆಯದು ಕೈಗೆ ಅಷ್ಟು ಚೆನ್ನಾಗಿ ಒಗ್ಗಿದೆ. ಹಬ್ಬದ ದಿನ ಕ್ಯಾರೆಟ್ ತುರಿಯುವ ಅದೇ ತುರಿಮಣೆಯ ಮೇಲೆ ನಾನು ಪ್ರತಿ ಶನಿವಾರ ಬಟ್ಟೆ ಸೋಪು ತುರಿಯುತ್ತೇನೆ. ಎಷ್ಟು ಬಿಸಿನೀರು ಹಾಕಿ ಉಜ್ಜಿದರೂ ಆ ತೂತುಗಳ ಸಂದಿಯಲ್ಲಿ ಒಂದಿಷ್ಟು ಉಳಿದುಬಿಡುತ್ತದೆ. ಒಮ್ಮೆ ಮನೆಗೆ ಬಂದ ನೆಂಟರೊಬ್ಬರು, "ಕೋಸಂಬರಿಗೆ ಏನೋ ಹೊಸ ಮಸಾಲೆ ಹಾಕಿದ್ದೀರಲ್ಲ?" ಎಂದು ಎರಡನೇ ಸಲ ಹಾಕಿಸಿಕೊಂಡರು. ಯಜಮಾನರು ನನ್ನ ಮುಖ ನೋಡಿದರು. ನಾನು ಪಾಯಸ ತರಲು ಒಳಗೆ ಹೋದೆ.

ಸೋಪು ಯಾಕೆ ತುರಿಯಬೇಕು ಎಂದು ನೀವು ಕೇಳುತ್ತೀರಿ. ಫೆಲ್ಟ್ ಮಾಡಲು. ಫೆಲ್ಟ್ ಅಂದರೆ ಏನು ಎಂದು ಕೇಳಿದವರಿಗೆಲ್ಲ ಉದ್ದುದ್ದ ಉತ್ತರ ಕೊಟ್ಟು ನಾನು ಹಲವು ಸ್ನೇಹಗಳನ್ನು ಕಳೆದುಕೊಂಡಿದ್ದೇನೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಹಿಂಜಿದ ಕುರಿ ಉಣ್ಣೆಯನ್ನು ತೆಳ್ಳಗೆ ಪದರ ಪದರವಾಗಿ ಹರಡುವುದು, ಮೇಲೆ ಬಿಸಿ ಸೋಪು ನೀರು ಚಿಮುಕಿಸುವುದು, ಹಳೆಯ ಸೊಳ್ಳೆ ಪರದೆಯ ತುಂಡು ಹೊದಿಸಿ ಅಂಗೈಯಿಂದ ಉಜ್ಜುವುದು, ಆಮೇಲೆ ಬಿದಿರಿನ ಕಿಟಕಿ ಪರದೆಯೊಳಗೆ ಸುತ್ತಿ ಚಪಾತಿ ಲಟ್ಟಿಸಿದ ಹಾಗೆ ಹಿಂದೆ ಮುಂದೆ ಉರುಳಿಸುವುದು. ನಾನ್ನೂರು ಸಲ ಉರುಳಿಸಿದರೆ ಎಳೆಗಳೆಲ್ಲ ಒಂದನ್ನೊಂದು ಹಿಡಿದುಕೊಂಡು ದಪ್ಪ ಬಟ್ಟೆಯಾಗುತ್ತದೆ. ನೇಯ್ಗೆ ಇಲ್ಲ, ಹೊಲಿಗೆ ಇಲ್ಲ. ಹಾಗೆ ಆಗುವಾಗ ಅದು ಕುಗ್ಗುತ್ತದೆ. ಒಂದು ಚಾಪೆಯಷ್ಟು ಹರಡಿದರೆ ಕೊನೆಗೆ ಕೈಗೆ ಸಿಗುವುದು ಮಣೆಯಷ್ಟು.

ಈ ವಿದ್ಯೆಯನ್ನು ನಮ್ಮಮ್ಮ ನನಗಿಂತ ಐವತ್ತು ವರ್ಷ ಮೊದಲೇ ಕಲಿತಿದ್ದಳು, ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ಆಗ ನಾವು ಜಯನಗರದಲ್ಲಿದ್ದೆವು. ನನ್ನ ಕೆಂಪು ಸ್ವೆಟರನ್ನು ಹಂಡೆಯ ಕುದಿನೀರಿಗೆ ಹಾಕಿ, ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಮನಸ್ಸಿಟ್ಟು ತಿಕ್ಕಿದಳು. ಒಣಗಿದ ಮೇಲೆ ಅದು ನನ್ನ ಗೊಂಬೆಗೂ ಬಿಗಿಯಾಯಿತು. ನಾನು ಅಳಲು ಶುರುಮಾಡಿದೆ. ಅಮ್ಮ ಒಂದು ಚೂರೂ ಅಳುಕದೆ, "ಸ್ವೆಟರ್ ಏನೂ ಆಗಿಲ್ಲ ಕಣೇ, ನೀನೇ ಬೆಳೆದುಬಿಟ್ಟಿದ್ದೀಯ" ಅಂದಳು. ನಾನು ನಂಬಿದೆ. ಮರುದಿನ ಶಾಲೆಯಲ್ಲಿ ಎಲ್ಲರ ಪಕ್ಕ ನಿಂತು ನಿಂತು ಎತ್ತರ ನೋಡಿಕೊಂಡೆ. ತಪ್ಪು ಮಾಡಿದಾಗ ಮುಖದಲ್ಲಿ ತೋರಿಸಿಕೊಳ್ಳದೆ ಇರುವ ಕಲೆ ನನಗೆ ಆ ಕಡೆಯಿಂದಲೇ ಬಂದಿರಬೇಕು. ಮುಂದೆ ಅದೇ ಕಲೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳಲು ಹೊರಟಿದ್ದೇನೆ.

ನಮ್ಮ ಫೆಲ್ಟ್ ಗುಂಪಿನಲ್ಲಿ ನಾವು ನಾಲ್ಕೇ ಜನ. ಗುರುಗಳು ಮಾಲತಿ. ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆಗಿ ನಿವೃತ್ತಿಯಾದವರು. ನಮ್ಮಲ್ಲಿ ಇಬ್ಬರು ಅರವತ್ತರ ಹತ್ತಿರ ಬಂದಿದ್ದರೂ ಅವರ ಕಣ್ಣಿಗೆ ನಾವಿನ್ನೂ ಏಳನೇ ಕ್ಲಾಸು. ಎರಡನೆಯವರು ರತ್ನಮ್ಮ. ಜೆ.ಪಿ. ನಗರದಲ್ಲಿ ಅವರದು ಮೂರು ಮಹಡಿಯ ಮನೆ. ಆ ಮನೆ ನಿಂತಿರುವ ಜಾಗದಲ್ಲಿ ಅವರ ಮಾವ ರಾಗಿ, ಅವರೆ ಬೆಳೆಯುತ್ತಿದ್ದರಂತೆ. ತಾರಸಿಯ ಮೇಲೆ ನಿಂತು, "ನಾನು ಮದ್ವೆಯಾಗಿ ಬಂದಾಗ ಇಲ್ಲಿಂದ ಅಲ್ಲೀಗಂಟ ಬರೀ ಹೊಲ ಕಣ್ರಮ್ಮ" ಎಂದು ಕೈ ಬೀಸಿದರೆ ಒಂದು ಆಸ್ಪತ್ರೆ, ಎರಡು ಅಪಾರ್ಟ್‌ಮೆಂಟು ಆ ಕೈಯೊಳಗೆ ಬರುತ್ತವೆ. ಆ ತಾರಸಿಯೇ ನಮ್ಮ ಕಾರ್ಯಾಗಾರ. ಮೂರನೆಯವಳು ನೀಲಾ, ನಲವತ್ತರ ಆಸುಪಾಸಿನವಳು, ರಾಣೆಬೆನ್ನೂರಿನ ಕಡೆಯವಳು. ಒಂದು ಕಣ್ಣಿನ ಕ್ಲಿನಿಕ್ಕಿನ ಮುಂದಿನ ಟೇಬಲ್ಲಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಂಡು ಚೀಟಿ ಕೊಡುವ ಕೆಲಸ. ಬಿಟಿಎಂನಲ್ಲಿ ಬಾಡಿಗೆ ಮನೆ. ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ. ನಮಗೆ ಬೇಕಾದ ಕರಿ ಉಣ್ಣೆಯನ್ನು ಊರಿನಿಂದ ಬಸ್ಸಿಗೆ ಹಾಕಿಸಿ ತರಿಸುವವಳು ಅವಳೇ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ನಾಲ್ಕನೆಯವಳು ನಾನು, ಸುಮಿತ್ರಾ, ಬನಶಂಕರಿಯವಳು. ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟಿಪ್ಪಣಿ ಬರೆದವಳು. ಉಣ್ಣೆ ಹರಡುವುದರಲ್ಲಿ ನಾನು ಎಲ್ಲರಿಗಿಂತ ಹಿಂದೆ. ಯಜಮಾನರಿಗೆಂದು ಮಾಡಿದ ಟೋಪಿ ಕೊನೆಗೆ ಉಪ್ಪಿನಕಾಯಿ ಜಾಡಿಯ ತಲೆಗೆ ಸರಿಹೋಯಿತು. ಹಾಗಾಗಿ ಗುಂಪಿನಲ್ಲಿ ನನ್ನ ಮರ್ಯಾದೆ ಉಳಿಸಿದ್ದು ನನ್ನ ಕೈಬರಹ ಮತ್ತು ಕಚೇರಿ ಕನ್ನಡ. ಸಭೆಯ ನಡವಳಿ ಬರೆಯುವವಳು ನಾನು.

ಸಭೆಯೇ ಎಂದು ನಗಬೇಡಿ. ಸುರುಳಿ ಉರುಳಿಸುವಾಗ ಎರಡೂ ಕಡೆ ಇಬ್ಬಿಬ್ಬರು ಎದುರುಬದುರು ಕೂರಬೇಕು. ಕೈತುಂಬ ಸೋಪು ನೀರು, ಆದ್ದರಿಂದ ಫೋನು ಮುಟ್ಟುವಂತಿಲ್ಲ. ನಾನ್ನೂರು ಸಲ ಉರುಳಿಸುವಷ್ಟು ಹೊತ್ತು ನಾಲ್ಕು ಹೆಂಗಸರು ಮಾತಾಡದೆ ಇರಲು ಸಾಧ್ಯವೇ? ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಗುಂಪಿನ ಯಾವ ತೀರ್ಮಾನವಾದರೂ ಸುರುಳಿ ಉರುಳುತ್ತಿರುವಾಗಲೇ ಆಗಬೇಕು. ಯಾರ ಕೈ ಸುರುಳಿಯ ಮೇಲಿದೆಯೋ ಅವರಿಗೆ ಮಾತ್ರ ಓಟು. ಕಾಫಿ ಕುಡಿಯಲು ಎದ್ದವರ ಅಭಿಪ್ರಾಯ ಲೆಕ್ಕಕ್ಕಿಲ್ಲ. ರತ್ನಮ್ಮ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡು, ಮಾಲತಿಯವರಿಗೆ ಇಷ್ಟವಾಗದ ವಿಷಯವನ್ನೆಲ್ಲ ಅವರು ಕಾಫಿಗೆ ಎದ್ದ ಕೂಡಲೇ ಎತ್ತುತ್ತಿದ್ದರು. "ಮೇಡಂ ಬರೋದ್ರೊಳ್ಗೆ ಕೈ ಎತ್ಬುಡಿ, ಅಲ್ಲಲ್ಲ, ಕೈ ಎತ್ಬೇಡಿ, ಹೂಂ ಅನ್ನಿ!" ಮುನ್ನೂರ ತೊಂಬತ್ತಕ್ಕೆ ಬಂದರೂ ತೀರ್ಮಾನವಾಗದಿದ್ದರೆ ಎಲ್ಲರೂ ಬೇಕೆಂದೇ ನಿಧಾನವಾಗಿ ಉರುಳಿಸುತ್ತಿದ್ದೆವು.

ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಎರಡು ದಿನ ತಲಘಟ್ಟಪುರದ ತೋಟಕ್ಕೆ ಹೋಗುತ್ತೇವೆ. ರತ್ನಮ್ಮನ ತಮ್ಮನ ಸಪೋಟ ತೋಟ, ನಡುವೆ ಒಂದು ಶೀಟಿನ ಕೋಣೆ. ಮಾಲತಿ ಅದನ್ನು ರಿಟ್ರೀಟ್ ಅನ್ನುತ್ತಾರೆ. ನನ್ನ ಯಜಮಾನರು ಅದನ್ನು ತೌರುಮನೆ ಅನ್ನುತ್ತಾರೆ. ಮೆಟ್ರೋದಲ್ಲಿ ಉಣ್ಣೆ ಮೂಟೆ ಹೊತ್ತು ಹೋಗುವುದೇ ಒಂದು ಸಾಹಸ. ಮೊದಲ ವರ್ಷ ಮೂಟೆ ಸ್ಕ್ಯಾನಿನಿಂದ ಹೊರಬಂದಾಗ ಅಲ್ಲಿದ್ದ ಹುಡುಗಿ, "ಇದ್ರೊಳಗೆ ಏನಿದೆ ಆಂಟಿ?" ಎಂದು ಕೇಳಿದಳು. ರತ್ನಮ್ಮ ಗಂಭೀರವಾಗಿ, "ಕುರಿ" ಅಂದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಮೂಟೆ ಬಿಚ್ಚಿಸಿ, ಕೈಹಾಕಿ ನೋಡಿ, ಕೈ ಮೂಸಿಕೊಂಡು, "ಹೋಗಿ ಆಂಟಿ, ಹೋಗಿ" ಎಂದು ಕಳಿಸಿದಳು. ಬೋಗಿಯಲ್ಲಿ ನಮ್ಮ ಸುತ್ತ ಸೀಟುಗಳೆಲ್ಲ ಖಾಲಿ, ಕಾಲು ಚಾಚಿಕೊಂಡು ಹೋದೆವು.

ಆ ಮೊದಲ ವರ್ಷವೇ ಮನೆಯ ಮಾತು ಹುಟ್ಟಿದ್ದು. ಸಂಜೆಯ ಬಿಸಿಲು, ಗಾಳಿ, ಸುರುಳಿ ಇನ್ನೂರರ ಹತ್ತಿರ ಬಂದಿತ್ತು. ರತ್ನಮ್ಮ ಉಸಿರು ಬಿಟ್ಟು, "ಹಿಂಗೇ ಎಲ್ಲಾ ಒಂದ್ಕಡೆ ಇದ್ಬುಟ್ರೆ ಎಷ್ಟ್ ಚೆಂದಾಗಿರ್ತದೆ ಅಲ್ವಾ?" ಅಂದರು. ಅಷ್ಟೇ ಸಾಕಾಯಿತು. ನಾನ್ನೂರು ಮುಗಿಯುವ ಹೊತ್ತಿಗೆ ನಾಲ್ಕು ಕೋಣೆ, ಒಂದು ದೊಡ್ಡ ಅಡುಗೆಮನೆ, ಉದ್ದದ ಜಗುಲಿ, ಉಣ್ಣೆ ತೊಳೆಯಲು ಎರಡು ತೊಟ್ಟಿ ಇರುವ ಮನೆ ಎದ್ದು ನಿಂತಿತ್ತು. ಬೆಳಗಿನ ಕಾಫಿ ರತ್ನಮ್ಮನದು, ರಾತ್ರಿಯ ಊಟ ಸರದಿಯ ಮೇಲೆ. ಗಂಡಂದಿರನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮಾಲತಿಯವರ ಗಂಡ ತೀರಿಕೊಂಡಿದ್ದರು, ನೀಲಾಳಿಗೆ ಆ ತಾಪತ್ರಯವೇ ಇಲ್ಲ, ಉಳಿದದ್ದು ನಮ್ಮಿಬ್ಬರ ಯಜಮಾನರು. ನಡವಳಿಯಲ್ಲಿ ನಾನು ಬರೆದೆ: "ಗಂಡಂದಿರ ವಸತಿಯ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಮುಂದಿನ ಸಭೆಗೆ ಮುಂದೂಡಲಾಯಿತು." ಓದಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನನ್ನ ತಲೆಗೇರಿತು. ಕಚೇರಿಯಲ್ಲಿ ಮೂವತ್ತು ವರ್ಷ ಬರೆದರೂ ಒಬ್ಬರೂ ನಕ್ಕಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಚಿಕ್ಕಂದಿನಲ್ಲಿ ಜಯನಗರದ ಖಾಲಿ ಸೈಟುಗಳಲ್ಲಿ ನಾವು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಮನೆ ಬರೆದು ಆಡುತ್ತಿದ್ದೆವು. ಆಡುತ್ತಿದ್ದೆವು ಎಂದರೆ ಸುಳ್ಳು. ನಡುಮನೆ ಎಷ್ಟು ದೊಡ್ಡದು, ದೇವರ ಕೋಣೆ ಯಾರ ಪಾಲು, ಬಚ್ಚಲು ಎಲ್ಲಿ ಎಂದು ಜಗಳವಾಡುವುದರಲ್ಲೇ ಸಂಜೆಯಾಗಿ ಅಮ್ಮಂದಿರು ಕೂಗುತ್ತಿದ್ದರು. ಗೋಡೆಗಳ ಮೇಲೆ ಕಾಲಿಟ್ಟು ಓಡಿಹೋಗುತ್ತಿದ್ದೆವು. ಯಾರಿಗೂ ಬೇಸರವಾಗುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಓಡಿಹೋಗಲು ಒಂದೊಂದು ಮನೆಯಿತ್ತು.

ಎರಡನೇ ವರ್ಷ ತೋಟದಲ್ಲಿ ಮಾಲತಿಯವರಿಗೆ ಹೊಸ ಹುಮ್ಮಸ್ಸು. ಮನೆಯ ನಕ್ಷೆಯನ್ನೇ ಫೆಲ್ಟಿನಲ್ಲಿ ಮಾಡೋಣ ಅಂದರು. ಒಬ್ಬೊಬ್ಬರಿಗೆ ಒಂದು ಬಣ್ಣ, ಅವರವರ ಕೋಣೆಯ ಉಣ್ಣೆಯನ್ನು ಅವರವರೇ ಹರಡಬೇಕು. ಕುಗ್ಗುತ್ತದೆ ಎಂದು ಎಲ್ಲರಿಗೂ ಗೊತ್ತಲ್ಲ, ನಾನು ನನ್ನ ಹಳದಿಯನ್ನು ಧಾರಾಳವಾಗಿ ಹರಡಿದೆ. ರತ್ನಮ್ಮ ಕೆಂಪನ್ನು ಇನ್ನೂ ಧಾರಾಳವಾಗಿ ಹರಡಿದರು, ಜಮೀನಿನವರು ನೋಡಿ. ಮಾಲತಿ ಶಿಸ್ತಿನವರು, ಆದರೂ ಅವರ ಹಸಿರು ಜಗುಲಿಯವರೆಗೆ ಬಂದಿತು. ಉಳಿದ ಮೂಲೆಯಲ್ಲಿ ನೀಲಾ ತನ್ನ ನೀಲಿಯನ್ನು ತೆಳ್ಳಗೆ, ಒಪ್ಪವಾಗಿ ಹರಡಿದಳು. ನಾನ್ನೂರು ಉರುಳಿಸಿ ಬಿಚ್ಚಿ ನೋಡಿದರೆ ನಮ್ಮ ಮೂವರ ಬಣ್ಣವೂ ಒಂದರೊಳಗೊಂದು ನುಗ್ಗಿ ಅಡುಗೆಮನೆಯನ್ನು ನುಂಗಿಹಾಕಿದ್ದವು, ನೀಲಾಳ ಕೋಣೆ ಹೆಬ್ಬೆಟ್ಟಿನಷ್ಟಾಗಿತ್ತು. ನಾವು ನಕ್ಕೆವು. ಅವಳೂ ನಕ್ಕಳು. "ಇರ್ಲಿ ಬಿಡ್ರಿ, ನಂಗ ಇಷ್ಟ ಸಾಕು" ಅಂದಳು. ನಾನು ಅದನ್ನೂ ನಡವಳಿಯಲ್ಲಿ ಬರೆದೆ, "ಸದಸ್ಯೆಯವರು ತಮ್ಮ ಪಾಲಿನ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು" ಎಂದು.

ಈ ವರ್ಷ ನೀಲಾಳಿಗೆ ಕ್ಲಿನಿಕ್ಕಿನಲ್ಲಿ ರಜೆ ಸಿಗಲಿಲ್ಲ. ನಾವು ಮೂವರೇ ಹೋದೆವು. ಮನೆಯ ಮಾತು ಎದ್ದಿತು. ರತ್ನಮ್ಮನ ತಮ್ಮ ಎಳನೀರು ಕೊಚ್ಚುತ್ತಾ, "ಇಲ್ಲೇ ಕಟ್ಕೊಳ್ರಮ್ಮ, ಯಾರ್ ಬೇಡ ಅಂತಾರೆ?" ಎಂದು ಲೋಕಾಭಿರಾಮವಾಗಿ ಅಂದ. ರಾತ್ರಿ ಊಟಕ್ಕೆ ಮೊದಲು ನಾನು ನಡವಳಿ ಬರೆಯಲು ಕೂತೆ. ಕೈ ಓಡತೊಡಗಿತು. "ಪ್ರಸ್ತಾಪಿತ ವಸತಿಗಾಗಿ ತೋಟದ ಪೂರ್ವಭಾಗದ ಜಾಗವನ್ನು ಮಾಲೀಕರು ಸಂತೋಷದಿಂದ ಒಪ್ಪಿರುತ್ತಾರೆ. ಬರುವ ಯುಗಾದಿಯೊಳಗೆ ಸದಸ್ಯರೆಲ್ಲರೂ ತಮ್ಮ ತಮ್ಮ ಹಾಲಿ ವಾಸಸ್ಥಳಗಳನ್ನು ತೆರವುಗೊಳಿಸಿ ಸ್ಥಳಾಂತರಗೊಳ್ಳತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಓದಿ ಹೇಳಿದೆ. ಮಾಲತಿಯವರೂ ನಕ್ಕರು, ಅವರನ್ನು ನಗಿಸುವುದು ಸುಲಭವಲ್ಲ. ಆ ಹುರುಪಿನಲ್ಲಿ ಗುಂಪಿನ ವಾಟ್ಸಾಪ್‌ಗೆ ಹಾಕಿದೆ. ನೀಲಾ ಹೆಬ್ಬೆಟ್ಟಿನ ಗುರುತು ಒತ್ತಿದಳು, ಬೇರೇನೂ ಬರೆಯಲಿಲ್ಲ.

ಆಮೇಲಿನ ಒಂದು ಶನಿವಾರ. ತಾರಸಿಯ ಮೇಲೆ ನಾವು ನಾಲ್ವರೂ ಕೂತು ಒಂದು ಕೂರುಚಾಪೆ ಉರುಳಿಸುತ್ತಿದ್ದೆವು. ನೂರರ ಹತ್ತಿರ ನೀಲಾ ತಲೆಯೆತ್ತದೆ, "ನಾ ಮನಿ ಓನರ್‌ಗೆ ಹೇಳಿ ಬಿಟ್ಟೀನ್ರಿ ಅಕ್ಕಾರ. ಯುಗಾದಿಗೆ ಖಾಲಿ ಮಾಡ್ತೀನಿ ಅಂತ" ಅಂದಳು.

ಸುರುಳಿ ನಿಂತಿತು. ರತ್ನಮ್ಮ ನನ್ನ ಕಡೆ ನೋಡಿದರು. ಮಾಲತಿ ನನ್ನ ಕಡೆ ನೋಡಿದರು. ಅಯ್ಯೋ, ಈ ಹುಡುಗಿ ನಾನು ಬರೆದದ್ದನ್ನು ನಿಜ ಅಂದುಕೊಂಡಿದ್ದಾಳಲ್ಲ! ಆ ಕ್ಷಣವೇ, "ನೀಲಾ, ಅದು ತಮಾಷೆ ಕಣೇ" ಎನ್ನಬೇಕಿತ್ತು. ಎರಡು ಸೆಕೆಂಡಿನ ಕೆಲಸ. ನಾನೇನು ಮಾಡಿದೆ ಗೊತ್ತೇ? ಮುಖದಲ್ಲಿ ಏನೂ ತೋರಿಸಿಕೊಳ್ಳದೆ, "ಒಳ್ಳೇದಾಯ್ತಲ್ಲ" ಅಂದೆ. "ಹೂಂ, ಒಳ್ಳೇದಾಯ್ತು" ಅಂದರು ರತ್ನಮ್ಮ. ಮಾಲತಿ ಗಂಟಲು ಸರಿಮಾಡಿಕೊಂಡು, "ಒಳ್ಳೇದೇ" ಅಂದರು. ನೀಲಾ ನಮ್ಮ ಮೂವರ ಮುಖವನ್ನೂ ಒಂದೊಂದು ಸಲ ನೋಡಿ ಮತ್ತೆ ಉರುಳಿಸತೊಡಗಿದಳು. ಆ ದಿನ ಮಿಕ್ಕ ಮುನ್ನೂರನ್ನು ನಾವು ಎಂದಿಗಿಂತ ಬೇಗ ಉರುಳಿಸಿ ಮುಗಿಸಿದೆವು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟರು. ಅವರು ಪೇಪರ್ ಮಡಚಿಡುವುದು ಅಪರೂಪ. "ಬರೆದೋಳು ನೀನು. ಹೋಗಿ ಹೇಳಬೇಕಾದೋಳೂ ನೀನೇ" ಅಂದರು. ಹೇಗೆ ಹೇಳಲಿ ಎಂದು ಕೇಳಿದೆ. "ಕಚೇರಿ ಕನ್ನಡದಲ್ಲಿ ಮಾತ್ರ ಹೇಳಬೇಡ" ಅಂದರು. ನಾಲ್ಕು ದಿನ ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ, ಅಳಿಸಿದೆ, ಜೋಡಿಸಿದೆ. ಐದನೇ ದಿನ ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು ಬಿಟಿಎಂಗೆ ಹೋದೆ. ತಪ್ಪೊಪ್ಪಿಕೊಳ್ಳಲು ಬರಿಗೈಯಲ್ಲಿ ಹೋಗಬಾರದು ಎಂದು ನನಗನ್ನಿಸಿತು.

ಮೂರನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಇಷ್ಟು ವರ್ಷದಲ್ಲಿ ನಾನು ಅವಳ ಮನೆಗೆ ಬಂದದ್ದು ಅದೇ ಮೊದಲು ಎಂಬುದು ಮೆಟ್ಟಿಲು ಹತ್ತುವಾಗ ಹೊಳೆಯಿತು, ನಾಚಿಕೆಯಾಯಿತು. ಸಾಮಾನೆಲ್ಲ ಕಟ್ಟಿಯಾಗಿತ್ತು. ನೀಲಾ ನೀರು ತಂದುಕೊಟ್ಟಳು. ನಾನು ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟೆ. "ನೀಲಾ, ಆ ಮನೆ ಇಲ್ಲ ಕಣೇ. ಯಾರೂ ಕಟ್ಟೋದಿಲ್ಲ. ನಾನು ಸುಮ್ಮನೆ ನಗಿಸೋಕೆ ಬರೆದೆ. ನನ್ನದೇ ತಪ್ಪು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ನಾ ಹುಚ್ಚಿ ಅಲ್ರಿ ಅಕ್ಕಾರ. ತ್ವಾಟದಾಗ ಕುಂತು ಉಣ್ಣಿ ತಿಕ್ಕಿದ್ರ ಮನಿ ಏಳೂದಿಲ್ಲ ಅಂತ ನಂಗ ಗೊತ್ತಿಲ್ಲೇನು?"

"ಮತ್ತೆ ಓನರ್‌ಗೆ ಯಾಕೆ ಹೇಳಿದೆ?"

"ನಾ ಎಲ್ಲಿ ಹೇಳೀನ್ರಿ? ಅವ್ರ ಹೇಳಿದ್ರು, ಮಗಳು ಬರ್ತಾಳ, ಯುಗಾದಿಗೆ ಮನಿ ಬಿಡ್ರಿ ಅಂತ. ಮನಿ ಬಿಡ್ರಿ ಅಂದ್ರು ಅಂತ ನಿಮ್ಮ ಮುಂದ ಹೇಳಾಕ ನಂಗ ನಾಚ್ಕಿ ಆತು. ಅಷ್ಟರಾಗ ನೀವು ಯುಗಾದಿ ಅಂತ ಬರದಿದ್ದು ಓದಿದೆ. ಇದನ್ನ ನೆಪಾ ಮಾಡಿ ಹೇಳೂಣು ಅನಸ್ತು." ಅವಳು ಒಂದು ಗಂಟಿನ ಹಗ್ಗವನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದಳು. "ಹೇಳಿದ್ರ ಯಾರರ ಒಬ್ರು, ಹುಚ್ಚಿ, ಅದೆಲ್ಲಾ ಚ್ಯಾಷ್ಟಿ, ನಡಿ ಬ್ಯಾರೆ ಮನಿ ಹುಡುಕೋಣು ಅಂತೀರಿ ಅಂತ ಮಾಡಿದ್ದೆ. ನೀವು ಮೂರೂ ಮಂದಿ ಒಳ್ಳೇದಾತು ಅಂದ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹನ್ನೊಂದು ವರ್ಷದಾಗ ಆರು ಮನಿ ಆತ್ರಿ" ಎಂದಳು. "ಪ್ರತಿ ಸಲಾನೂ ನಾ ಒಬ್ಬಾಕೀನ ಹೋಗ್ತೀನಿ. ಒಬ್ರೇನಾ ಅಂತಾರ, ಹೂಂ ಅಂತೀನಿ, ಬಾಗಲಾ ಹಾಕ್ತಾರ. ಮನಿ ಸಿಗೂದು ಕಷ್ಟ ಅಲ್ರಿ, ಸಿಗತಾವ. ಒಬ್ಬಾಕೀನ ಹೋಗಿ ನಿಲ್ಲೂದು ಬ್ಯಾಸರಾ ಬಂದೈತಿ."

ಅವಳ ಕಣ್ಣು ಒದ್ದೆಯಾಗಲಿಲ್ಲ, ನನ್ನದಾಯಿತು. "ಈ ಭಾನುವಾರ ಎಲ್ಲರೂ ಬರ್ತೀವಿ. ನೀನು ಒಬ್ಬಳೇ ಎಲ್ಲೂ ಹೋಗಬೇಡ" ಎಂದೆ. ಇದನ್ನು ಎಲ್ಲೂ ಬರೆಯಲಿಲ್ಲ.

ಭಾನುವಾರ ನಾಲ್ವರೂ ಹೊರಟೆವು. ರತ್ನಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. "ಓನರ್‌ಗಳ ಹತ್ರ ಮಾತಾಡೋದು ನನ್ಗೆ ಬುಡಿ. ಅವ್ರ ಮಾತು ನನ್ಗೆ ಗೊತ್ತಾಯ್ತದೆ" ಅಂದರು. ಎರಡು ಮನೆಗಳಲ್ಲಿ ನೀರಿಲ್ಲ, ಒಂದರಲ್ಲಿ ಕಿಟಕಿಯೇ ಇಲ್ಲ. ನಾಲ್ಕನೆಯದು ಬನಶಂಕರಿಯಲ್ಲಿ, ಅಚ್ಚುಕಟ್ಟಾದ ಮನೆ, ಗಾಳಿ ಬೆಳಕು ಚೆನ್ನಾಗಿತ್ತು. ಓನರ್ ಸಾಧು ಮನುಷ್ಯರು, ಕುರ್ಚಿ ಹಾಕಿಸಿ ಮಜ್ಜಿಗೆ ಕೊಟ್ಟರು. ಯಾರಿಗೆ ಮನೆ ಎಂದು ಕೇಳಿದರು. ನೀಲಾಳನ್ನು ತೋರಿಸಿದೆವು.

"ಒಬ್ರೇನಾ?"

"ಹೂಂ ರೀ" ಎಂದಳು ನೀಲಾ, ನೆಲ ನೋಡುತ್ತಾ.

"ಕ್ಷಮಿಸಿ ಮೇಡಂ. ನಾವು ಫ್ಯಾಮಿಲಿಗೆ ಮಾತ್ರ ಕೊಡೋದು."

ರತ್ನಮ್ಮ ಎದ್ದು ನಿಂತರು. "ಒಬ್ರಾದ್ರೆ ಏನ್ರೀ? ಒಬ್ರು ಮನುಷ್ಯರಲ್ವಾ? ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಹೋಗ್ತಾಳೆ, ಸಂಜೆ ಬರ್ತಾಳೆ, ಒಂದ್ ಸದ್ದಿಲ್ಲ, ಒಂದ್ ಗದ್ದಲ ಇಲ್ಲ. ನಿಮ್ ಫ್ಯಾಮಿಲಿಯೋರು ಗೋಡೆಗೆಲ್ಲಾ ಮೊಳೆ ಹೊಡೀತಾರೆ, ಅವ್ರು ಆಯ್ತದೆ, ಇವ್ಳು ಬೇಡ್ವಾ? ಏನ್ ನ್ಯಾಯ ರೀ ಇದು?" ಬೀದಿಯವರೆಗೂ ಕೇಳಿಸುವಂತಿತ್ತು. ಆ ಮನುಷ್ಯರು ಕೋಪಿಸಿಕೊಳ್ಳಲಿಲ್ಲ. ಸಮಾಧಾನವಾಗಿ ಕೇಳಿದರು.

"ನಿಮ್ಮದೂ ಬಾಡಿಗೆ ಮನೆಗಳಿವೆಯೇನಮ್ಮ?"

"ಇವೆ. ಮೂರು."

"ಒಂಟಿ ಹೆಂಗಸಿಗೆ ಯಾವತ್ತಾದ್ರೂ ಕೊಟ್ಟಿದ್ದೀರಾ?"

ರತ್ನಮ್ಮ ಮತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರು. ನಾನು ಮಜ್ಜಿಗೆಯ ಲೋಟ ನೋಡಿದೆ. ಮಾಲತಿ ಗೋಡೆಯ ಕ್ಯಾಲೆಂಡರ್ ನೋಡಿದರು. ನಮ್ಮ ಮೂವರಿಗೂ ಒಟ್ಟಿಗೇ ನೆನಪಾಗಿತ್ತು. ರತ್ನಮ್ಮನ ಎರಡನೇ ಮಹಡಿ ಸಂಕ್ರಾಂತಿಯ ಮೊದಲಿನಿಂದ ಖಾಲಿ ಬಿದ್ದಿದೆ. ಪ್ರತಿ ಶನಿವಾರ ಆ ಬೀಗ ಹಾಕಿದ ಬಾಗಿಲಿನ ಮುಂದೆಯೇ ಮೆಟ್ಟಿಲು ಹತ್ತಿ ನಾವು ತಾರಸಿಗೆ ಹೋಗುತ್ತೇವೆ, ಇಲ್ಲದ ಮನೆಗೆ ಜಗುಲಿ ಎಷ್ಟುದ್ದ ಇರಬೇಕೆಂದು ಚರ್ಚಿಸಲು. ಗೇಟಿನಲ್ಲಿ ಒಂದು ಬೋರ್ಡು ತೂಗುತ್ತದೆ, "ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ" ಎಂದು. ಅಕ್ಷರ ಮುತ್ತಿನ ಹಾಗಿದೆ. ಆಗಲೇಬೇಕು, ಬರೆದುಕೊಟ್ಟವಳು ನಾನು. ಬರೆಯುವಾಗ ನೀಲಾ ಪಕ್ಕದಲ್ಲೇ ಕೂತು ನನಗೆ ಸ್ಕೇಲು ಹಿಡಿದುಕೊಟ್ಟಿದ್ದಳು. ಅವಳು ಆಗಲೂ ಏನೂ ಅಂದಿರಲಿಲ್ಲ.

"ಇಲ್ಲ" ಅಂದರು ರತ್ನಮ್ಮ ಕೊನೆಗೆ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಅಂತ ಕೇಳಿದ್ರೆ ಅದೂ ಗೊತ್ತಿಲ್ಲ." ಆಮೇಲೆ ನೀಲಾಳ ಕಡೆ ತಿರುಗಿ, ಕಣ್ಣೊರೆಸಿಕೊಂಡು, "ಇದ್ನ ನೀನು ನನ್ ಮುಖಕ್ಕೆ ಉಗಿದು ಕೇಳ್ಬಾರ್ದಿತ್ತೇನೇ?" ಎಂದು ಗದರಿದರು. ನೀಲಾ, "ಹೆಂಗ್ ಕೇಳ್ಲಿ ರೀ" ಅಂದಳು. "ನಡಿ, ನಮ್ ಎರಡ್ನೇ ಮಹಡಿಗೆ" ಅಂದರು ರತ್ನಮ್ಮ. "ಯಜಮಾನ್ರಿಗೆ ನಾನು ಹೇಳ್ಕೊತೀನಿ. ಎಲ್ಲಾ ಬಾಡ್ಗೇರು ಕೊಡೋ ಹಂಗೇ ನೀನೂ ಕೊಡು, ಯಾರ ಹಂಗೂ ಬೇಡ." ಓನರ್ ಸಾಹೇಬರು ಗೇಟಿನವರೆಗೆ ಬಂದು ನಮ್ಮನ್ನು ಕಳಿಸಿಕೊಟ್ಟರು. ಅವರ ಮುಖವೂ ಯಾಕೋ ಸಪ್ಪಗಾಗಿತ್ತು.

ನನ್ನ ಮಾತು ಹೇಳಬೇಕು. ರತ್ನಮ್ಮ ಅಷ್ಟು ಜನರ ಎದುರು ಒಪ್ಪಿಕೊಂಡರು. ನಮ್ಮ ಮನೆಯ ಮಹಡಿಯಲ್ಲೂ ಒಂದು ಕೋಣೆಯಿದೆ. ಉಣ್ಣೆ ಮೂಟೆ ಇಟ್ಟಿದ್ದೇನೆ. ನೀಲಾಳಿಗೆ ಹೇಗೆ ಹೇಳಲಿ ಎಂದು ಆ ನಾಲ್ಕು ದಿನ ನಾನು ವಾಕ್ಯ ಜೋಡಿಸುತ್ತಾ ಅಡ್ಡಾಡಿದ್ದು ಅದೇ ಕೋಣೆಯಲ್ಲಿ. ಬಾ ಎಂಬ ಒಂದಕ್ಷರ ಮಾತ್ರ ಹೊಳೆಯಲಿಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಸಾಮಾನು ಸಾಗಿಸಿದೆವು. ಗಾಡಿಗೆ ಏರಿಸುವಾಗ ನೀಲಾ, "ಹೊಸಾ ಮನ್ಯಾಗ ನಂಗ ತಿಂಗಳಾನುಗಟ್ಲೆ ನಿದ್ದಿ ಹತ್ತೂದಿಲ್ರಿ. ಯಾವಾಗ ಬಿಡ್ರಿ ಅಂತಾರೋ ಅಂತ ಬರೇ ಅದ ತಲ್ಯಾಗ" ಎಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಎರಡನೇ ಮಹಡಿಗೆ ಬಂತು. ಮಂಚ ಎಲ್ಲಿ ಹಾಕಬೇಕೆಂದು ನಾವು ಮೂವರೂ ಶುರು ಮಾಡಿದೆವು. ತಲೆ ಪೂರ್ವಕ್ಕೆ ಎಂದೆ ನಾನು. ಕಿಟಕಿಯ ಗಾಳಿ ನೇರ ಮುಖಕ್ಕೆ ಹೊಡೆಯುತ್ತೆ ಎಂದರು ಮಾಲತಿ. ಈ ಮನೆ ಕಟ್ಟಿಸಿದವಳು ನಾನು, ಮಂಚ ಎಲ್ಲಿರಬೇಕೆಂದು ನನಗೆ ಗೊತ್ತಿಲ್ಲವೇ ಎಂದರು ರತ್ನಮ್ಮ. ಮಂಚವನ್ನು ಮೂರು ಸಲ ಎಳೆದಾಡಿದೆವು. ನಾಲ್ಕನೇ ಸಲ ಎಳೆಯುವ ಮುನ್ನ ಮನೆಯವಳನ್ನೇ ಕೇಳೋಣ ಎಂದು ತಿರುಗಿದೆವು.

ನೀಲಾ ಬರಿನೆಲದ ಮೇಲೆ, ಹಾಸಿಗೆ ಸುರುಳಿಗೆ ತಲೆಕೊಟ್ಟು, ಪಾತ್ರೆ ಗಂಟುಗಳ ನಡುವೆ ಮಲಗಿ ನಿದ್ದೆಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಸಣ್ಣಗೆ ಗೊರಕೆ.

ಮಾಲತಿ ಏನೋ ಹೇಳಲು ಹೋದರು. "ಶ್!" ಅಂದರು ರತ್ನಮ್ಮ. ಹಿಡಿದುಕೊಂಡಿದ್ದ ಮಂಚದ ಕಾಲನ್ನು ಸದ್ದಾಗದಂತೆ ಕೆಳಗಿಟ್ಟೆವು. ಮೂವರೂ ಗೋಡೆಗೊರಗಿ, ಕಾಲು ಚಾಚಿ, ಅವಳು ಏಳುವವರೆಗೆ ಒಂದು ಮಾತೂ ಆಡದೆ ಕೂತೆವು.